ಕೆಂಪು ಅರಿವೆಯ ಬೆಂಡು

ಕುರುಗೋಡಿನಲ್ಲಿ ಬರೀ ಕೊಟ್ರಮ್ಮ ಎಂದು ಕೇಳಿದರೆ ನಾಲ್ಕು ಓಣಿ ಸುತ್ತಿಸುತ್ತಾರೆ. ಆ ಹೆಸರಿನವರು ಅಷ್ಟು ಮಂದಿ ಇದ್ದಾರೆ. ಬೆಂಡಿನ ಕೊಟ್ರಮ್ಮ ಎಂದರೆ ಮಾತ್ರ ಬಸ್ ಸ್ಟ್ಯಾಂಡಿನ ಕಲ್ಲಂಗಡಿ ಗಾಡಿಯವನೂ ಕೈಯಲ್ಲಿದ್ದ ಚಾಕು ಎತ್ತಿ ದಾರಿ ತೋರಿಸುತ್ತಾನೆ. ಅವನಿಗೂ ಈಜು ಕಲಿಸಿದವಳು ಅವಳೇ. ಕಲಿಯುವಾಗ ಅವನು ಎಷ್ಟು ನೀರು ಕುಡಿದಿದ್ದ, ಯಾವ ಮೆಟ್ಟಿಲ ಮೇಲೆ ಕೂತು ಅತ್ತಿದ್ದ ಎಂಬುದನ್ನು ಅವನ ಹೆಂಡತಿಯ ಎದುರಿಗೇ ಹೇಳುವಷ್ಟು ಧಾರಾಳಿ ಆಕೆ.

ಅರವತ್ತು ದಾಟಿದ ಹೆಂಗಸು. ಗಂಡ ಗಾದಿಲಿಂಗಪ್ಪ ತೀರಿಕೊಂಡು ಬಹಳ ಕಾಲವಾಯಿತು. ಹೊಲವನ್ನು ಪಾಲಿಗೆ ಹಾಕಿ, ಮನೆಯಲ್ಲಿ ಒಬ್ಬಳೇ ಇದ್ದಾಳೆ. ಒಬ್ಬಳೇ ಎಂದು ಹೆಸರಿಗಷ್ಟೇ ಅನ್ನಬೇಕು. ಯುಗಾದಿ ಮುಗಿದು ಶಾಲೆಗೆ ರಜೆ ಬಿತ್ತೋ, ಓಣಿಯ ಮಕ್ಕಳೆಲ್ಲ ಅವಳ ಪಡಸಾಲೆಯಲ್ಲೇ. ಬೆಳಕು ಹರಿಯುವ ಮುಂಚೆ ಮಾಳಿಗೆಯ ಮೇಲೆ ಒದ್ದೆ ಸೀರೆ ಹಾಸಿ ಸಂಡಿಗೆ ಇಡುವುದು, ಇಟ್ಟಷ್ಟೇ ಹಿಟ್ಟನ್ನು ಹೊಟ್ಟೆಗೂ ಇಳಿಸುವುದು, ಆಮೇಲೆ ಬಾವಿ, ಮಧ್ಯಾಹ್ನ ಹುಣಸೆಹಣ್ಣಿನ ಬೀಜ ಬಿಡಿಸುವುದು, ಆ ಬೀಜದಲ್ಲೇ ಚೌಕಾಬಾರ ಆಡಿ ಜಗಳವಾಡುವುದು. ತಾಯಂದಿರು ಮಕ್ಕಳನ್ನು ಹುಡುಕಿಕೊಂಡು ಬರುವುದು ಊಟದ ಹೊತ್ತಿಗೆ ಮಾತ್ರ.

ಇದರಲ್ಲಿ ಬಾವಿಯದೇ ದೊಡ್ಡ ಕತೆ. ಓಣಿಯ ಹಿಂದೆ, ಹುಣಸೆ ಮರಗಳ ಆಚೆ ಒಂದು ಮೆಟ್ಟಿಲ ಬಾವಿ ಇದೆ. ಕಾಲುವೆ ಸೀಮೆಯಾದ್ದರಿಂದ ಬೇಸಿಗೆಯಲ್ಲೂ ನೀರು ತುಂಬಿರುತ್ತದೆ. ಈಜು ಕಲಿಯುವ ಮಗುವಿನ ಬೆನ್ನಿಗೆ ಬೆಂಡು ಕಟ್ಟುತ್ತಾರೆ. ಒಣಗಿದ ಕತ್ತಾಳೆ ದಿಂಡನ್ನು ಮೊಳದುದ್ದ ಕಡಿದು, ಎರಡು ತುಂಡು ಜೋಡಿಸಿ ಹಗ್ಗದಿಂದ ಬಿಗಿದರೆ, ಮುಳುಗು ಅಂದರೂ ಮಗು ಮುಳುಗುವುದಿಲ್ಲ. ಇದು ಎಲ್ಲ ಊರಲ್ಲೂ ಉಂಟು. ಕೊಟ್ರಮ್ಮ ಅದಕ್ಕೆ ತನ್ನದೊಂದು ಕಿತಾಪತಿ ಸೇರಿಸಿದ್ದಳು. ಹಳೆ ಸೀರೆಯ ಅರಿವೆಯಲ್ಲಿ ಬೆಂಡಿಗೊಂದು ಚೀಲ ಹೊಲಿಯುವಳು. ಒಬ್ಬೊಬ್ಬರಿಗೆ ಒಂದೊಂದು ಬಣ್ಣ. ಮಕ್ಕಳು ಮನೆಗೆ ಹೋದ ಮೇಲೆ ಹೊಲಿಗೆ ಬಿಚ್ಚಿ, ದಿಂಡನ್ನು ಕುಡುಗೋಲಿನಿಂದ ಒಂದಿಷ್ಟು ಕೆತ್ತಿ, ಖಾಲಿಯಾದ ಜಾಗಕ್ಕೆ ಚಿಂದಿ ತುರುಕಿ, ಮತ್ತೆ ಹೊಲಿದು ಪಡಸಾಲೆಯ ಗೂಟಕ್ಕೆ ನೇತುಹಾಕುವಳು. ಮಗುವಿಗೆ ಇದು ಗೊತ್ತಾಗಬಾರದು. ಬೆಂಡು ನನ್ನನ್ನು ಹಿಡಿದಿದೆ ಎಂಬ ಧೈರ್ಯದಲ್ಲಿ ಅದು ಕೈಕಾಲು ಬಡಿಯುತ್ತಾ ಹೋಗುತ್ತದೆ, ಬೆಂಡು ಕರಗುತ್ತಾ ಬರುತ್ತದೆ. ಕೊನೆಗೊಂದು ದಿನ ಚೀಲದಲ್ಲಿ ಚಿಂದಿಯಷ್ಟೇ ಉಳಿದಿರುತ್ತದೆ. ಅಂದು ಬಾವಿಯ ಕಟ್ಟೆಯ ಮೇಲೆ ಎಲ್ಲರೆದುರು ಹೊಲಿಗೆ ಬಿಚ್ಚಿ ತೋರಿಸಿ, ಬೆಲ್ಲ ಕೊಬ್ಬರಿ ಹಂಚುವಳು. ಆ ಹೊತ್ತು ಮಗುವಿನ ಮುಖ ನೋಡಬೇಕು. ಕಲಿತು ಮುಗಿಸಿದ ಯಾವ ಮಗುವೂ ಚಿಕ್ಕವರ ಮುಂದೆ ಈ ಗುಟ್ಟು ಒಡೆದದ್ದಿಲ್ಲ. ಬೇರೆ ಯಾವ ವಿಷಯದಲ್ಲೂ ಬಾಯಿ ಕಟ್ಟದ ಪೋರರು ಇದೊಂದರಲ್ಲಿ ಮಾತ್ರ ಕೊಟ್ಟ ಮಾತಿಗೆ ತಪ್ಪದ ಸತ್ಯಹರಿಶ್ಚಂದ್ರನ ಮೊಮ್ಮಕ್ಕಳು.

ಕೊಟ್ರಮ್ಮನ ಒಬ್ಬಳೇ ಮಗಳು ದಾಕ್ಷಾಯಣಿಯೂ ಹೀಗೇ ಕಲಿತವಳು. ಅವಳನ್ನು ಬಳ್ಳಾರಿಯ ಪಾರ್ವತಿನಗರದ ಚನ್ನಬಸವರಾಜನಿಗೆ ಕೊಟ್ಟಿದ್ದರು. ಕೌಲ್ ಬಜಾರಿನಲ್ಲಿ ಜೀನ್ಸ್ ಹೊಲಿಸುವ ಕಾರ್ಖಾನೆ ಇಟ್ಟವನು, ಕೆಟ್ಟವನೇನಲ್ಲ. ಹೆಣ್ಣುಮಗು ಸೌಂದರ್ಯಳಿಗೆ ಮೂರು ತುಂಬುವಷ್ಟರಲ್ಲಿ ದಾಕ್ಷಾಯಣಿ ಕಾಮಾಲೆಗೆ ತೀರಿಕೊಂಡಳು. ಎರಡು ವರ್ಷ ಕಳೆದ ಮೇಲೆ ಚನ್ನಬಸವರಾಜ ಸಿರುಗುಪ್ಪದ ಹೇಮಾಳನ್ನು ಮದುವೆಯಾದ. ಅಂದಿನಿಂದ ಮೊಮ್ಮಗಳು ಕುರುಗೋಡಿಗೆ ಬಂದಿರಲಿಲ್ಲ. ಹಬ್ಬಕ್ಕೊಮ್ಮೆ ಕೊಟ್ರಮ್ಮನೇ ಪಾರ್ವತಿನಗರಕ್ಕೆ ಹೋಗಿ, ಸೋಫಾದ ಅಂಚಿನಲ್ಲಿ ಕೂತು, ಮಗುವಿನ ತಲೆ ಸವರಿ, ಸಂಜೆ ಬಸ್ಸಿಗೆ ಬರುವಳು. ಮಗುವನ್ನು ಕಳಿಸದಿರುವುದು ಹೇಮಾಳ ಕೆಲಸವೇ ಎಂದು ಆಕೆ ತೀರ್ಮಾನಿಸಿದ್ದಳು. ಯಾರೂ ಹಾಗೆಂದು ಹೇಳಿರಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಮಲತಾಯಿ ಎಂದ ಮೇಲೆ ಸಾಕ್ಷಿ ಯಾಕೆ ಬೇಕು? ಹೇಮಾ ಎಷ್ಟು ಸಲ ‘ದೊಡ್ಡಮ್ಮಾ’ ಎಂದು ಕರೆದು ಚಹಾ ತಂದಿಟ್ಟರೂ ಕೊಟ್ರಮ್ಮ ಅವಳನ್ನು ‘ನೀವು’ ಎಂದೇ ಮಾತಾಡಿಸಿ ದೂರ ಕೂರಿಸುತ್ತಿದ್ದಳು.

ಈ ವರ್ಷ ರಜೆ ಶುರುವಾದಾಗ ಚನ್ನಬಸವರಾಜ ತಾನಾಗಿಯೇ ಫೋನು ಮಾಡಿ, ಸೌಂದರ್ಯಳನ್ನು ಹತ್ತು ದಿನ ಬಿಟ್ಟುಹೋಗುತ್ತೇನೆ ಎಂದ. ಕೊಟ್ರಮ್ಮನಿಗೆ ಕೂತ ಜಾಗದಲ್ಲಿ ಕೂರಲಾಗಲಿಲ್ಲ. ಆದರೆ ಮಗುವನ್ನು ಬಿಡಲು ಬಂದ ದಿನ ಅಳಿಯ ಚಪ್ಪಲಿ ಮೆಟ್ಟಿಕೊಳ್ಳುತ್ತಾ ಒಂದು ಮಾತು ಹೇಳಿಹೋದ.

“ಬಾವಿ ಕಡಿ ಮಾತ್ರ ಅಕಿನ್ನ ಬಿಡಬ್ಯಾಡ್ರಿ. ಏನರ ಹೆಚ್ಚು ಕಡಿಮಿ ಆತಂದ್ರ, ಇದೇ ಮೊದಲು, ಇದೇ ಕಡೀದು.”

ಆ ಮಾತು ಕೊಟ್ರಮ್ಮನ ಎದೆಯಲ್ಲಿ ಮುಳ್ಳಿನಂತೆ ಕೂತಿತು. ಹೆಚ್ಚು ಕಡಿಮೆ ಆಗಲೇಬಾರದು. ಆಯಿತೆಂದರೆ ಮಗು ಮತ್ತೆ ಬರುವುದಿಲ್ಲ. ಮಗಳ ಗುರುತು ಅಂತ ಈ ಭೂಮಿಯ ಮೇಲೆ ಉಳಿದದ್ದು ಇದೊಂದೇ ಜೀವ. ಎರಡನೇ ತರಗತಿ ಮುಗಿಸಿದ ಎಂಟು ವರ್ಷದ ಹುಡುಗಿ, ನಕ್ಕರೆ ಥೇಟ್ ದಾಕ್ಷಾಯಣಿ.

ಊರಿಗೆ ಉಪಕಾರಿ, ಮನೆಗೆ ಮಾರಿ ಅನ್ನುವ ಮಾತು ಕೊಟ್ರಮ್ಮನನ್ನು ನೋಡಿಯೇ ಹುಟ್ಟಿತೇನೋ ಎಂಬಂತೆ ಶುರುವಾಯಿತು ಮಗುವಿನ ರಜೆ. ಊರ ಮಕ್ಕಳನ್ನೆಲ್ಲ ಬಾವಿಗೆ ತಳ್ಳಿದ ಹೆಂಗಸು ಸ್ವಂತ ಮೊಮ್ಮಗಳನ್ನು ಹೊಸ್ತಿಲು ದಾಟಲು ಬಿಡಲಿಲ್ಲ. ತಾನೂ ಬಾವಿಗೆ ಹೋಗುವುದನ್ನು ನಿಲ್ಲಿಸಿ, ಬೆಳಗಿನ ಹೊತ್ತು ಮಕ್ಕಳನ್ನು ನೋಡಿಕೊಳ್ಳಲು ಎದುರುಮನೆಯ ಪಂಪಾವತಿಗೆ ಹೇಳಿದಳು. ಅವನ ಮಗಳು ಭಾಗ್ಯ, ಪಕ್ಕದ ಮನೆಯ ವಿರೂಪಾಕ್ಷಿ, ಇನ್ನೂ ನಾಲ್ಕೈದು ಮಕ್ಕಳು ಬೆಳಗ್ಗೆ ಬಂದು ಗೂಟದಿಂದ ತಮ್ಮ ತಮ್ಮ ಬೆಂಡು ತೆಗೆದುಕೊಂಡು ಹೋಗುವರು, ಬಿಸಿಲೇರುವಾಗ ತಂದು ನೇತುಹಾಕುವರು. ಒಣಗಿದ ಮೇಲೆ ಕೆತ್ತುವ ಕೆಲಸ ಕೊಟ್ರಮ್ಮನದು. ಅದನ್ನು ಮಾತ್ರ ಆಕೆ ಬಿಟ್ಟಿರಲಿಲ್ಲ.

ಸೌಂದರ್ಯ ಮೊದಲ ದಿನ ಹಿಗ್ಗಿನಲ್ಲಿದ್ದಳು. ಸಂಡಿಗೆ ಒತ್ತುವ ಒರಳಿನಲ್ಲಿ ಹಿಟ್ಟು ತುಂಬಿ ಒತ್ತಿದಳು, ಅವಳ ಸಂಡಿಗೆ ಹಾವು ಚೇಳಿನ ಆಕಾರದಲ್ಲಿ ಬಿದ್ದವು, ಎಲ್ಲರೂ ನಕ್ಕರು. ಆಮೇಲೆ ಉಳಿದ ಮಕ್ಕಳು ಅಂಗಳದಲ್ಲೇ ಬೆನ್ನಿಗೆ ಬೆಂಡು ಕಟ್ಟಿಕೊಂಡು ಹೊರಟಾಗ ಅವಳೂ ಎದ್ದಳು, ಅಜ್ಜಿ ಕೈ ಹಿಡಿದು ಕೂರಿಸಿದಳು. ಎರಡನೇ ದಿನವೂ ಹಾಗೇ. ಬಾವಿಯ ಕಡೆಯಿಂದ ದುಡುಂ ದುಡುಂ ಸದ್ದು, ಕೇಕೆ, ಗಾಳಿ ಬಂದಂತೆ ಬರುತ್ತಿತ್ತು. ಮಗು ಕಿಟಕಿಯ ಸರಳು ಹಿಡಿದು ನಿಂತೇ ಇರುತ್ತಿತ್ತು. ಕೊಟ್ರಮ್ಮ ಬೇವಿನ ಹೂ ಪೋಣಿಸಿಕೊಟ್ಟಳು, ಅಂಗಡಿಯಿಂದ ಐಸ್‌ಕ್ಯಾಂಡಿ ತರಿಸಿದಳು, ಚೌಕಾಬಾರದಲ್ಲಿ ಬೇಕೆಂದೇ ಸೋತಳು. ಮಗು ಗೆದ್ದರೂ ನಗಲಿಲ್ಲ.

“ಅಜ್ಜಿ, ಇಲ್ಲೂ ಒಳಗ ಕೂಡೋದೇ ಏನು?” ಎಂದು ಒಮ್ಮೆ ಕೇಳಿತು.

ಊರಿಗೆಲ್ಲ ಚುರುಕು ಬಾಯಿ ಎಂದು ಹೆಸರಾದವಳು ಬೀಜ ಬಿಡಿಸುತ್ತಾ ತಲೆ ತಗ್ಗಿಸಿದಳು.

ದಿನಾ ಸಂಜೆ ಹೇಮಾಳ ವಿಡಿಯೋ ಕಾಲ್ ಬರುತ್ತಿತ್ತು. ಊಟ ಆಯಿತಾ, ತಲೆಗೆ ಎಣ್ಣೆ ಹಚ್ಚಿಕೊಂಡೆಯಾ, ಆಡಿದೆಯಾ ಎಂದು ಕೇಳುವಳು. ಅಜ್ಜಿ ಹೊರಗೆ ಬಿಡುವುದಿಲ್ಲ ಎಂದು ಮಗು ಹೇಳಿದರೆ, ಯಾಕೆ ಎಂದು ಕೇಳುವಳು. ಕೊಟ್ರಮ್ಮನಿಗೆ ಅದು ತಪಾಸಣೆ ಅನಿಸುತ್ತಿತ್ತು. ನೋಡಿಕೊಳ್ಳಲಿ, ಚೆನ್ನಾಗಿ ನೋಡಿಕೊಳ್ಳಲಿ, ಒಂದು ಗೀರೂ ಸಿಗುವುದಿಲ್ಲ ಎಂದು ಫೋನನ್ನು ಮಗುವಿನ ಮುಖಕ್ಕೆ ಇನ್ನಷ್ಟು ಹತ್ತಿರ ಹಿಡಿಯುವಳು. ಮಗು ಹೇಮಾಳನ್ನು ಅಮ್ಮ ಎನ್ನುತ್ತಿರಲಿಲ್ಲ, ‘ಹೇಮಮ್ಮ’ ಎನ್ನುತ್ತಿತ್ತು. ಅದು ಕೊಟ್ರಮ್ಮನಿಗೆ ಒಳಗೊಳಗೇ ಸಮಾಧಾನ. ಇಂಥ ಸಣ್ಣತನ ತನ್ನಲ್ಲಿದೆ ಎಂದು ಆಕೆಗೆ ಗೊತ್ತಿತ್ತು, ಗೊತ್ತಿದ್ದೂ ಬಿಡಲಾಗಿರಲಿಲ್ಲ.

ನಾಲ್ಕನೇ ದಿನ ಮಧ್ಯಾಹ್ನ ಗಾಳಿ ಎದ್ದಿತು. ಬಿಸಿಲುಗಾಲದಲ್ಲಿ ಒಮ್ಮೊಮ್ಮೆ ಹಾಗೆ ಧೂಳು ಹೊತ್ತು ಬರುವ ಗಾಳಿ. ಮಾಳಿಗೆಯ ಮೇಲಿನ ಸಂಡಿಗೆಗೆಲ್ಲ ಮಣ್ಣು ಮೆತ್ತಿಬಿಡುತ್ತದೆ ಎಂದು ಕೊಟ್ರಮ್ಮ ಏಣಿ ಹತ್ತಿದಳು. ಸೌಂದರ್ಯ ಉಂಡು ಪಡಸಾಲೆಯಲ್ಲಿ ಚಾಪೆಯ ಮೇಲೆ ಮಲಗಿದ್ದಳು. ಸೀರೆಯ ನಾಲ್ಕು ಮೂಲೆ ಒಟ್ಟುಮಾಡಿ, ಗಂಟು ಕಟ್ಟಿ, ಹೊತ್ತುಕೊಂಡು ಇಳಿಯುವಷ್ಟರಲ್ಲಿ ಚಾಪೆ ಖಾಲಿ. ಬಚ್ಚಲಿಗೆ ಹೋಗಿರಬೇಕು ಎಂದು ಕೂಗಿದಳು. ಹಿತ್ತಲಲ್ಲಿ ನೋಡಿದಳು. ಬಾಗಿಲ ಬಳಿ ಮಗುವಿನ ಚಪ್ಪಲಿ ಇರಲಿಲ್ಲ.

ಆಗ ಗೂಟದ ಕಡೆ ಕಣ್ಣು ಹೋಯಿತು. ಕೆಂಪು ಅರಿವೆಯ ಬೆಂಡು ಇರಲಿಲ್ಲ.

ಕೆಂಪು ಅರಿವೆಯದು ವಿರೂಪಾಕ್ಷಿಯದು. ಹುಡುಗ ಚೆನ್ನಾಗಿ ಪಳಗಿದ್ದ, ನಾಳೆ ಬೆಳಗ್ಗೆ ಅವನ ಹೊಲಿಗೆ ಬಿಚ್ಚುವುದು ಎಂದು ಕೊಬ್ಬರಿಯನ್ನೂ ತರಿಸಿಟ್ಟಿದ್ದಳು. ಊಟಕ್ಕೆ ಕೂರುವ ಮೊದಲಷ್ಟೇ ಆ ಚೀಲದಿಂದ ಉಳಿದಿದ್ದ ಬೆಂಡಿನ ಚೂರನ್ನೂ ತೆಗೆದು, ಮಗುವಿನ ಕಣ್ಣು ತಪ್ಪಿಸಿ ತನ್ನ ಕೈಯಾರೆ ಚಿಂದಿ ತುರುಕಿದ್ದಳು. ಅದರಲ್ಲಿ ಈಗ ಇದ್ದದ್ದು ಅರಿವೆ ಮಾತ್ರ. ಒಣಗಿದ್ದಾಗ ಹಗುರ, ಉಬ್ಬಿಕೊಂಡು ಚೆಂದ ಕಾಣುತ್ತದೆ. ನೆನೆಯಿತೋ, ಕಲ್ಲು ಕಟ್ಟಿಕೊಂಡಂತೆ. ಗೂಟದಲ್ಲಿದ್ದ ಬೆಂಡುಗಳಲ್ಲೆಲ್ಲ ಅದೇ ದುಂಡಗೆ ತುಂಬಿಕೊಂಡು ಕಾಣುತ್ತಿತ್ತು. ಮಗು ಅದನ್ನೇ ಆರಿಸಿದ್ದರಲ್ಲಿ ಮಗುವಿನ ತಪ್ಪೇನೂ ಇರಲಿಲ್ಲ.

ಕಾಲಿಗೆ ಚಪ್ಪಲಿ ಮೆಟ್ಟುವ ವ್ಯವಧಾನವಿರಲಿಲ್ಲ. ಓಣಿಯಲ್ಲಿ ನರಪಿಳ್ಳೆ ಇಲ್ಲ, ಬಾಗಿಲುಗಳೆಲ್ಲ ಮುಚ್ಚಿದ್ದವು. ನೆಲ ಹಂಚಿನ ಹಾಗೆ ಕಾದಿತ್ತು. ಮೊಣಕಾಲು ನೋವಿನಿಂದ ವರ್ಷದಿಂದ ಓಡದಿದ್ದ ಹೆಂಗಸು ಸೀರೆ ಎತ್ತಿಕಟ್ಟಿ ಓಡಿದಳು. ಪಂಪಾವತಿಯ ಬಾಗಿಲು ಬಡಿಯಲೇ ಎಂದು ಒಂದು ಸಲ ಅನಿಸಿತು, ಬಡಿದು ಅವನು ಎದ್ದು ಬರುವಷ್ಟರಲ್ಲಿ ಏನಾಗಿಬಿಟ್ಟೀತೋ ಎಂದು ನಿಲ್ಲಲಿಲ್ಲ. ಬಾಯಲ್ಲಿ ದೊಡ್ಡಬಸವೇಶ್ವರನ ಹೆಸರು, ಮನಸ್ಸಿನಲ್ಲಿ ಒಂದೇ ಲೆಕ್ಕ: ಮಗು ಇನ್ನೂ ಕಟ್ಟೆಯ ಮೇಲೆ ಇರಲಿ, ಹಗ್ಗ ಕಟ್ಟಲು ಬರದೆ ಒದ್ದಾಡುತ್ತಿರಲಿ, ನೀರು ನೋಡಿ ಹೆದರಲಿ. ಊರ ಮಕ್ಕಳಿಗೆಲ್ಲ ನೀರಿಗೆ ಹೆದರಬೇಡಿ ಎಂದು ಕಲಿಸಿದವಳು ಅಂದು ತನ್ನ ಮಗು ಹೆದರಲಿ ಎಂದು ದೇವರಿಗೆ ಹರಕೆ ಹೊತ್ತಳು.

ಹುಣಸೆ ಮರ ದಾಟಿದಾಗ ಬಾವಿಯ ಮೆಟ್ಟಿಲು ಕಂಡಿತು. ಸೌಂದರ್ಯ ಇದ್ದಳು. ನೀರಿಗೆ ತಾಗಿದ ಕೊನೆಯ ಮೆಟ್ಟಿಲ ಮೇಲೆ, ಬೆನ್ನಿಗೆ ಕೆಂಪು ಬೆಂಡು ಬಿಗಿದು, ಹಗ್ಗದ ತುದಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನಿಂತಿದ್ದಳು. ಕಟ್ಟುವುದನ್ನು ನಾಲ್ಕು ದಿನ ಕಿಟಕಿಯಿಂದ ನೋಡಿಯೇ ಕಲಿತಿದ್ದಳು.

ಬಾವಿಯ ದಂಡೆಯಲ್ಲಿ ಕೂಗಬಾರದು ಎಂಬುದು ಕೊಟ್ರಮ್ಮನದೇ ಕಟ್ಟಳೆ. ಕೂಗಿದರೆ ಮಗು ಬೆದರುತ್ತದೆ, ಕಾಲು ಜಾರುತ್ತದೆ. ಆ ಕಟ್ಟಳೆ ಆಗ ನೆನಪಾಗಲಿಲ್ಲ. ಮಗುವಿನ ಹೆಸರು ಹಿಡಿದು ಕೂಗಿದಳು. ಮಗು ತಿರುಗಿತು. ಅಜ್ಜಿಯನ್ನು ನೋಡಿ ಅದಕ್ಕೆ ಹೆದರಿಕೆಯಾಗಲಿಲ್ಲ, ಮುಖ ಅರಳಿತು.

“ಅಜ್ಜಿ, ನೋಡಿಲ್ಲಿ, ನನಗೂ ಬರತೈತಿ,” ಎಂದು ಹೇಳಿ ಎರಡೂ ಕೈ ಚಾಚಿ ಹಾರಿಬಿಟ್ಟಿತು.

ಒಂದು ಕ್ಷಣ ಬೆಂಡು ತೇಲಿತು. ಅರಿವೆಯೊಳಗಿನ ಗಾಳಿ ಮಗುವನ್ನು ಎತ್ತಿಹಿಡಿಯಿತು, ಮಗು ನಕ್ಕಿತು ಕೂಡ. ಆಮೇಲೆ ಅರಿವೆ ನೆನೆದು ಕೆಂಪು ಕಪ್ಪಾಗುತ್ತಾ ಬಂತು, ಮಗು ಮುಳುಗಿತು. ಕೊಟ್ರಮ್ಮ ಮೆಟ್ಟಿಲು ಇಳಿಯಲಿಲ್ಲ, ಮೇಲಿನಿಂದಲೇ ದುಮುಕಿದಳು. ನೀರಿನೊಳಗೆ ಸೀರೆ ಕಾಲಿಗೆ ಸುತ್ತಿಕೊಂಡಿತು. ಕಣ್ಣು ಬಿಟ್ಟರೆ ಹಸಿರು ಬಿಟ್ಟು ಮತ್ತೇನೂ ಇಲ್ಲ. ಕೈ ಆಡಿಸಿದಳು, ಸಿಗಲಿಲ್ಲ. ಇನ್ನೊಂದು ಸಲ ಆಡಿಸಿದಾಗ ಜಡೆ ಸಿಕ್ಕಿತು. ಜಡೆ ಹಿಡಿದೇ ಮೇಲಕ್ಕೆಳೆದು, ಮೆಟ್ಟಿಲ ಅಂಚಿಗೆ ಮೊಣಕೈ ಊರಿ, ಮಗುವನ್ನು ಕಲ್ಲ ಮೇಲೆ ಬೋರಲು ಹಾಕಿ ಬೆನ್ನು ತಟ್ಟಿದಳು. ಮಗು ನೀರು ಕಾರಿತು, ಕೆಮ್ಮಿತು, ಆಮೇಲೆ ಉಸಿರು ಎಳೆದುಕೊಂಡು ಅಳತೊಡಗಿತು. ಅಳು ಕೇಳಿದ ಮೇಲೆಯೇ ಕೊಟ್ರಮ್ಮನಿಗೂ ಉಸಿರು ಬಂದದ್ದು.

ಅಪ್ಪಿಕೊಳ್ಳಲು ಹೋದಳು. ಮಗು ಅವಳ ಕೈ ತಳ್ಳಿತು. “ಹೇಮಮ್ಮ ಬೇಕು. ನನಗ ಹೇಮಮ್ಮ ಬೇಕು,” ಎಂದು ಬಿಕ್ಕುತ್ತಾ ಅದನ್ನೇ ಹೇಳಿತು, ಮತ್ತೆ ಅದನ್ನೇ ಹೇಳಿತು.

ಅಜ್ಜಿ ಎನ್ನಲಿಲ್ಲ. ಅಪ್ಪ ಎನ್ನಲಿಲ್ಲ. ಸತ್ತ ತಾಯಿಯ ನೆನಪಂತೂ ಆ ಎಳೆ ಮನಸ್ಸಿಗೆ ಎಲ್ಲಿಂದ ಬರಬೇಕು? ಸಾವು ಮುಟ್ಟಿ ಬಂದ ಮಗು ಕರೆದದ್ದು ಆ ಸಿರುಗುಪ್ಪದವಳನ್ನು. ಕೊಟ್ರಮ್ಮ ಒದ್ದೆ ಕಲ್ಲಿನ ಮೇಲೆ ಕೂತುಬಿಟ್ಟಳು. ಮಗು ಬದುಕಿತು ಎಂಬ ಸಂತೋಷ ಒಂದು ಕಡೆ, ಹೊಟ್ಟೆಯಲ್ಲಿ ಕೊಳ್ಳಿಯಿಟ್ಟಂಥ ಉರಿ ಇನ್ನೊಂದು ಕಡೆ. ಎರಡೂ ಒಟ್ಟಿಗೆ ಬಂದವು.

ಮನೆಗೆ ಕರೆತಂದು, ಮೈ ಒರೆಸಿ, ಬೆಚ್ಚಗೆ ಹಾಲು ಕುಡಿಸಿದಳು. ಮಗುವಿನ ಮೊಣಕೈಯಲ್ಲಿ ಚರ್ಮ ಕಿತ್ತಿತ್ತು, ಅದಕ್ಕೆ ಅರಿಶಿನ ಹಚ್ಚಿದಳು. ಬೇರೇನೂ ಆಗಿರಲಿಲ್ಲ. ಅಳು ನಿಂತ ಮೇಲೆ ಮಗುವೇ ಅಜ್ಜಿಯ ಮಡಿಲಿಗೆ ಬಂದು ಕೂತು, ಅಪ್ಪನಿಗೆ ಹೇಳಬೇಡ, ಹೇಳಿದರೆ ನನ್ನನ್ನು ಮತ್ತೆ ಕಳಿಸುವುದಿಲ್ಲ ಎಂದು ಪಿಸುಗುಟ್ಟಿತು. ಮೆಟ್ಟಿಲಲ್ಲಿ ಬಿದ್ದೆ ಎಂದು ಹೇಳುತ್ತೇನೆ ಎಂದು ಸುಳ್ಳನ್ನೂ ತಾನೇ ಹೊಸೆದು ಕೊಟ್ಟಿತು. ಎಂಟು ವರ್ಷದ ಮಗು ತನಗಾಗಿ ಸುಳ್ಳು ಹೊಸೆಯುವುದನ್ನು ನೋಡಿ ಕೊಟ್ರಮ್ಮನಿಗೆ ನಾಚಿಕೆಯಾಯಿತು. ಆದರೂ ಆಸೆ ಬಿಟ್ಟೀತೆ? ಸಂಜೆಯವರೆಗೂ ಅದೇ ಯೋಚನೆ. ಯಾರೂ ನೋಡಿಲ್ಲ. ಗಾಯ ಸಣ್ಣದು. ಇನ್ನಾರು ದಿನ ಕಳೆದರೆ ಮುಂದಿನ ಬೇಸಿಗೆಗೆ ಮಗು ಮತ್ತೆ ಬರುತ್ತದೆ. ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ.

ಫೋನು ಬಂತು. ಹೇಮಾ ಎಂದಿನಂತೆ ಊಟ, ಎಣ್ಣೆ ಎಲ್ಲ ಕೇಳಿದಳು. ಮಗು ಎಂದಿನಂತೆ ಉತ್ತರ ಕೊಟ್ಟಿತು, ಮೊಣಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡಿತು. ಮಗು ಯಾಕೆ ಸಪ್ಪಗಿದೆ ಎಂದು ಹೇಮಾ ಎರಡು ಸಲ ಕೇಳಿದಳು. ಎರಡನೇ ಸಲ ಕೇಳಿದಾಗ ಅವಳ ದನಿಯಲ್ಲಿ ತಪಾಸಣೆ ಇರಲಿಲ್ಲ, ಭಯವಿತ್ತು. ಇಷ್ಟು ದಿನವೂ ಅದೇ ಇತ್ತೋ ಏನೋ, ಕೊಟ್ರಮ್ಮ ಕಿವಿ ಕೊಟ್ಟಿರಲಿಲ್ಲ. ಆಕೆ ಮಗುವಿನ ಕೈಯಿಂದ ಫೋನು ತೆಗೆದುಕೊಂಡು ಹಿತ್ತಲಿಗೆ ಹೋದಳು. ಗೂಟದ ಬೆಂಡಿನಿಂದ ಹಿಡಿದು ಜಡೆ ಸಿಕ್ಕಿದವರೆಗೆ, ಒಂದೂ ಬಿಡದೆ ಹೇಳಿದಳು. ಚೀಲದಲ್ಲಿ ಚಿಂದಿ ತುಂಬಿದ್ದು ತಾನೇ, ಕೂಗಿದ್ದೂ ತಾನೇ ಎಂದಳು. ಒಂದು ಮಾತು ಮಾತ್ರ ಬಿಟ್ಟಳು. ಮಗು ಯಾರನ್ನು ಕರೆದು ಅತ್ತಿತು ಎಂಬುದನ್ನು ಹೇಳಲಿಲ್ಲ. ಅದು ನಾಲಿಗೆಯ ತನಕ ಬಂದು ನಿಂತಿತು.

ಮಗು ಈಗ ಸರಿಯಾಗಿ ಉಸಿರಾಡುತ್ತಿದೆಯಾ, ಮೈ ಬಿಸಿಯಾಗಿದೆಯಾ ಎಂದಷ್ಟೇ ಹೇಮಾ ಕೇಳಿದಳು.

“ನಾಳಿ ಮುಂಜಾನಿ ಬಸ್ಸಿಗೆ ಬರ್ತೀನ್ರಿ,” ಎಂದಳು ಹೇಮಾ. ಫೋನು ಕಟ್ಟಾಯಿತು.

ಬೆಳಗ್ಗೆ ಕೊಟ್ರಮ್ಮ ಮಗುವಿನ ತಲೆ ಬಾಚಿದಳು, ಬಟ್ಟೆ ಮಡಚಿ ಬ್ಯಾಗು ತುಂಬಿದಳು, ಹಾವು ಚೇಳಿನ ಸಂಡಿಗೆಯನ್ನು ಬೇರೆ ಡಬ್ಬಿಗೆ ಹಾಕಿದಳು. ಬಾವಿಗೆ ಹೊರಟ ಮಕ್ಕಳು ಬಾಗಿಲಲ್ಲಿ ನಿಂತು, ಇವತ್ತು ವಿರೂಪಾಕ್ಷಿಯ ಹೊಲಿಗೆ ಬಿಚ್ಚುವುದಿಲ್ಲವೇ ಎಂದು ಕೇಳಿದರೆ, ಇವತ್ತು ಏನೂ ಇಲ್ಲ ಎಂದು ಗದರಿ ಕಳಿಸಿದಳು. ಹೇಮಾ ಬಂದಾಗ ಬಿಸಿಲು ಏರುತ್ತಿತ್ತು. ಒಬ್ಬಳೇ ಬಂದಿದ್ದಳು. ಸೌಂದರ್ಯ ಓಡಿಹೋಗಿ ಅವಳ ಹೊಟ್ಟೆಗೆ ಮುಖ ಒತ್ತಿದಳು. ಹೇಮಾ ಮಗುವಿನ ಮೊಣಕೈ ತಿರುಗಿಸಿ ನೋಡಿದಳು, ತಲೆಯ ಮೇಲೆ ಕೈಯಿಟ್ಟಳು. ಬೈಯಲೂ ಇಲ್ಲ, ನಗಲೂ ಇಲ್ಲ. ಕೊಟ್ರಮ್ಮ ಕೊಟ್ಟ ನೀರು ಕುಡಿದು, ತಯಾರಾಗಿದ್ದ ಬ್ಯಾಗಿನ ಕಡೆ ಒಂದು ಸಲ ನೋಡಿ, ಬಾವಿ ಎಲ್ಲಿದೆ ಎಂದಳು.

ಬಿದ್ದ ಜಾಗದಲ್ಲೇ ನಿಲ್ಲಿಸಿ ಕೇಳುತ್ತಾಳೆ, ಕೇಳಲಿ, ಬೈಸಿಕೊಳ್ಳುವ ಕೆಲಸವನ್ನೇ ಮಾಡಿದ್ದೇನೆ ಎಂದುಕೊಂಡು ಕೊಟ್ರಮ್ಮ ಮುಂದೆ ನಡೆದಳು. ಮಕ್ಕಳು ಈಜಿ ಮುಗಿಸಿ ಹೊರಟಿದ್ದರು, ಪಂಪಾವತಿ ಕೊನೆಯವನಾಗಿ ಮೈ ಒರೆಸಿಕೊಳ್ಳುತ್ತಾ ದಾರಿ ಬಿಟ್ಟ. ನೀರು ಕಾಣುತ್ತಲೇ ಸೌಂದರ್ಯ ನಿಂತುಬಿಟ್ಟಳು. ಹೇಮಾಳ ಸೀರೆ ಹಿಡಿದು ಅವಳ ಹಿಂದೆ ಸರಿದಳು. ಹೇಮಾ ಅದನ್ನು ನೋಡಿದಳು. ಮೇಲಿನ ಮೆಟ್ಟಿಲ ಮೇಲೆ ಕೂತು, ಕೊಟ್ರಮ್ಮನಿಗೆ ಮಾತ್ರ ಕೇಳುವಂತೆ ಮಾತಾಡಿದಳು. ಸಿರುಗುಪ್ಪದಲ್ಲಿ ಚಿಕ್ಕವಳಿದ್ದಾಗ ತಾನೂ ಹೊಳೆಯಲ್ಲಿ ಜಾರಿದ್ದೆ, ಸೋದರಮಾವ ಎಳೆದು ಹಾಕಿದ, ಅಂದಿನಿಂದ ಮನೆಯವರು ಹೊಳೆಯ ಕಡೆಗೇ ಬಿಡಲಿಲ್ಲ ಎಂದಳು. ಗಂಗೆ ಪೂಜೆಗೆ ಹೋದರೆ ಈಗಲೂ ದೂರ ನಿಂತು ಕೈ ಮುಗಿಯುವುದು. ಬಚ್ಚಲಲ್ಲಿ ನೀರಿನ ಬಾನಿ ತುಂಬಿದ್ದರೂ ಅಂಗೈ ಬೆವರುತ್ತದೆ.

“ಈ ಅಂಜಿಕಿ ಇಟಗೊಂಡು ಅಕಿನ್ನ ಊರಿಗೆ ಕರಕೊಂಡು ಹೋದ್ರ, ಜಲ್ಮದಾಗ ಬಿಡಂಗಿಲ್ರಿ ಅದು. ನನಗ ಗೊತ್ತೈತಿ. ಇವತ್ತ ಇಳಸ್ರಿ ಅಕಿನ್ನ. ನಾ ಇಲ್ಲೇ ಕುಂತಿರ್ತೀನಿ.”

ಕೊಟ್ರಮ್ಮ ಎರಡು ಹೆಜ್ಜೆ ಹಿಂದೆ ಸರಿದಳು. ನನ್ನಿಂದ ಆಗುವುದಿಲ್ಲ, ಇನ್ನು ಯಾವ ಮಗುವನ್ನೂ ನೀರಿಗೆ ಇಳಿಸುವ ಧೈರ್ಯವಿಲ್ಲ, ಅಳಿಯ ಬೇರೆ ಬೇಡ ಎಂದಿದ್ದಾನೆ ಎಂದಳು.

“ಅವರು ಮೂರು ವರ್ಷದಿಂದ ಇಲ್ಲಿಗೆ ಕಳಸೂದೇ ಬ್ಯಾಡ ಅಂತಾನೇ ಅದಾರ,” ಎಂದಳು ಹೇಮಾ. “ಈ ಸಲ ಹಟ ಹಿಡದು ಕಳಿಸಿದಾಕಿ ನಾನು. ಒಳಗ ಕೂಡ್ಸಾಕ ಕಳಿಸಿದ್ದಿಲ್ಲ. ಇವತ್ತ ಸಂಜಿಗೇ ಕರಕೊಂಡು ಬಾ ಅಂದಾರ. ಹೋಗಾಕ ಮೊದಲು ಇದೊಂದು ಆಗ್ಲಿ.”

ಕೊಟ್ರಮ್ಮ ಅವಳ ಮುಖ ನೋಡಿದಳು. ಇಷ್ಟು ವರ್ಷ ಆ ಮುಖವನ್ನು ನೆಟ್ಟಗೆ ನೋಡಿಯೇ ಇರಲಿಲ್ಲ ಎಂದು ಆಗ ತಿಳಿಯಿತು. ಹಣೆಯ ಮೇಲೆ ಬೆವರು ಸಾಲುಗಟ್ಟಿತ್ತು. ಬಾವಿಯ ಹತ್ತಿರ ಕೂತಿರುವುದೇ ಅವಳಿಗೆ ದೊಡ್ಡ ಕೆಲಸವಾಗಿತ್ತು, ಕೂತಿದ್ದಳು.

ಕೊಟ್ರಮ್ಮ ಮನೆಗೆ ಹೋಗಿ ಹೊಸ ದಿಂಡು ತಂದಳು. ಚೀಲವಿಲ್ಲ, ಬಣ್ಣವಿಲ್ಲ, ಬರೀ ದಿಂಡು. ಮಗುವಿನ ಕೈಗೇ ಕೊಟ್ಟು ಮುಟ್ಟಿಸಿ, ನೀರಿಗೆ ಎಸೆದು ತೇಲುವುದನ್ನು ತೋರಿಸಿ, ಆಮೇಲೆ ಬೆನ್ನಿಗೆ ಕಟ್ಟಿದಳು. ಮಗು ಒಲ್ಲೆ ಎಂದಿತು. ಹೇಮಾ ಮೇಲಿನಿಂದ, ನಾನು ನೋಡ್ತಿದ್ದೀನಿ ಹೋಗು ಎಂದಳು. ಕೊಟ್ರಮ್ಮ ಮೊದಲು ಇಳಿದು, ನೀರೊಳಗಿನ ಮೆಟ್ಟಿಲ ಮೇಲೆ ಸೊಂಟದುದ್ದ ನೀರಿನಲ್ಲಿ ನಿಂತು ತೋಳು ಚಾಚಿದಳು. ಮಗು ಅವಳ ಕೊರಳಿಗೆ ಬಿಗಿದುಕೊಂಡಿತು. ಉಗುರು ಚರ್ಮಕ್ಕೆ ಇಳಿಯುವಷ್ಟು ಬಿಗಿ. ಕೊಟ್ರಮ್ಮ ಬಿಡಿಸಲಿಲ್ಲ. ನಿಂತೇ ಇದ್ದಳು, ನೀರು ಅಲ್ಲಾಡುವುದು ನಿಲ್ಲುವವರೆಗೆ ನಿಂತಳು. ಮೊದಲು ಒಂದು ಕೈ ಸಡಿಲವಾಯಿತು, ಬಹಳ ಹೊತ್ತಾದ ಮೇಲೆ ಇನ್ನೊಂದು. ಮಗುವಿನ ಹೊಟ್ಟೆಯ ಕೆಳಗೆ ಅಂಗೈ ಇಟ್ಟು ಆಕೆ ಒಂದು ಸುತ್ತು ತಿರುಗಿಸಿದಳು. ಎರಡನೇ ಸುತ್ತಿಗೆ ಮಗು ಕಾಲು ಬಡಿಯಿತು. ಮೂರನೆಯದಕ್ಕೆ ಕೊಟ್ರಮ್ಮ ಅಂಗೈ ತೆಗೆದಳು, ತೆಗೆದೆ ಎಂದು ಹೇಳಿಯೇ ತೆಗೆದಳು. ಮಗು ತೇಲಿತು. ಮೆಟ್ಟಿಲ ಕಡೆ ತಿರುಗಿ, ಹೇಮಮ್ಮ ನೋಡು ಎಂದು ಕರೆಯಿತು. ಹೇಮಾ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ತಲೆಯಾಡಿಸಿದಳು.

ಕೆಳಗಿನ ಮೆಟ್ಟಿಲು ಹಿಡಿದು ಕಾಲು ಬಡಿ ಎಂದು ಮಗುವಿಗೆ ಹೇಳಿ, ಕೊಟ್ರಮ್ಮ ಮೆಟ್ಟಿಲು ಹತ್ತಿ ಬಂದು, ನೀರು ಸುರಿಯುವ ಸೀರೆಯಲ್ಲೇ ಅವಳ ಪಕ್ಕ ಕೂತಳು. ಕಣ್ಣು ಮಗುವಿನ ಮೇಲೆಯೇ ಇತ್ತು. ಸಂಜೆಯ ಬಸ್ಸಿಗೆ ಇವರು ಹೊರಟುಹೋಗುತ್ತಾರೆ. ಹೇಳದಿದ್ದರೆ ಯಾರಿಗೂ ತಿಳಿಯುವುದಿಲ್ಲ, ಅದೊಂದು ಮಾತು ತನ್ನಲ್ಲೇ ಉಳಿಯುತ್ತದೆ. ಉಳಿಸಿಕೊಂಡು ಏನು ಮಾಡುವುದು?

“ಹೇಮಾ,” ಎಂದಳು. “ನಿನ್ನೆ ಒಂದು ಮಾತು ನಿನಗ ಹೇಳಲಿಲ್ಲ ನಾನು. ನೀರಾಗಿಂದ ತೆಗದ ಕೂಡ್ಲೆ ಅಕಿ ನನ್ನ ಕೈ ತಳ್ಳಿದ್ಲು. ನೀನೇ ಬೇಕು ಅಂತ ಅತ್ತಳು. ಎಷ್ಟ್ ಸಲ ಕರದ್ಲು ಅಂತ ಹೇಳಲಿ. ನನ್ನನ್ನ ಒಂದ್ ಸಲನೂ ಕರೀಲಿಲ್ಲವ್ವ. ಹೊಟ್ಟಿಕಿಚ್ಚಿಗೆ ಮುಚ್ಚಿಟ್ಟಿದ್ದೆ.”

ಹೇಮಾ ಮೊಣಕಾಲ ಮೇಲೆ ತಲೆಯಿಟ್ಟು ಅತ್ತಳು, ಸದ್ದು ಮಾಡದೆ, ಭುಜ ಅಲುಗುವಂತೆ ಅತ್ತಳು. ಮೂರು ವರ್ಷ ಆ ಮಗುವಿನ ಬಾಯಿಂದ ಏನು ಕೇಳಲು ಕಾದಿದ್ದಳೋ ಅದು ಅವಳಿಗೇ ಗೊತ್ತು. ಕೊಟ್ರಮ್ಮ ಅವಳ ಬೆನ್ನ ಮೇಲೆ ಕೈಯಿಟ್ಟಳು. ಹೇಮಾಳ ರವಿಕೆ ಒದ್ದೆಯಾಯಿತು, ಅವಳು ಸರಿಯಲಿಲ್ಲ.

ಅಷ್ಟರಲ್ಲಿ ಅವಳ ಫೋನು ಬಡಿದುಕೊಂಡಿತು. ಚನ್ನಬಸವರಾಜನದು. ಯಾವ ಬಸ್ಸಿಗೆ ಹೊರಟಿರಿ, ಇನ್ನೂ ಅಲ್ಲೇನು ಮಾಡುತ್ತಿದ್ದೀರಿ ಎಂದು ಅವನು ಕೇಳುವುದು ಪಕ್ಕದಲ್ಲಿ ಕೂತ ಕೊಟ್ರಮ್ಮನಿಗೂ ಕೇಳಿಸಿತು. ಆಕೆ ಬೇರೆ ಕಡೆ ಮುಖ ಮಾಡಿದಳು. ಹೇಮಾ ನೆಟ್ಟಗೆ ಕೂತು, ನಿಧಾನವಾಗಿ ಹೇಳಿದಳು.

“ಇವತ್ತ ಬರಂಗಿಲ್ರಿ. ಹತ್ತು ದಿನ ಮುಗಿಸ್ಕೊಂಡು ಇಬ್ಬರೂ ಬರ್ತೀವಿ. ಬ್ಯಾಸಿಗಿ ಅಲ್ರಿ? ಮಗಳನ್ನ ಕರಕೊಂಡು ತವರಮನಿಗೆ ಬಂದೀನಿ.”

ಕೊಟ್ರಮ್ಮ ಕಣ್ಣು ಒರೆಸಿಕೊಳ್ಳಲು ಸೆರಗಿನಲ್ಲಿ ಒಣಗಿದ ಜಾಗ ಹುಡುಕಿದಳು. ಎಲ್ಲೂ ಸಿಗಲಿಲ್ಲ.